ಮಗುವಿಗಾಗಿ ಹೂಡಿದ ವ್ಯಾಜ್ಯ

ನವರಾತ್ರಿಗೆ ಬೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗ ಪ್ರತಿವರ್ಷವೂ ಅದರ ಪಕ್ಕದಲ್ಲಿರುವ ಇನ್ನೊಂದು ರಟ್ಟಿನ ಪೆಟ್ಟಿಗೆಯನ್ನು ಸರಿಸಬೇಕಾಗುತ್ತದೆ. ಪಟ್ಟದ ಬೊಂಬೆಗಳ ಪೆಟ್ಟಿಗೆಗಿಂತ ಅದೇ ಹೆಚ್ಚು ಭಾರ. ಅದರಲ್ಲಿರುವುದು ಬರಿಯ ಕಾಗದ: ನಮ್ಮ ಮಗನ ವಿದ್ಯಾಭ್ಯಾಸದ ವಿಷಯವಾಗಿ ನಾವು ಪಾಠಶಾಲೆಯವರಿಗೆ ಬರೆದ ಪತ್ರಗಳು, ಅವರು ನಮಗೆ ಬರೆದ ಪತ್ರಗಳು, ಪರೀಕ್ಷೆಯ ವರದಿಗಳು, ಸಭೆಗಳ ಟಿಪ್ಪಣಿಗಳು. ಈ ವರ್ಷ ಆ ಪೆಟ್ಟಿಗೆ ಕೈಜಾರಿ ಬಿದ್ದು ಕಾಗದಗಳೆಲ್ಲ ನಡುಮನೆಯಲ್ಲಿ ಹರಡಿಹೋದವು. ಆಯ್ದಿಡುವುದಕ್ಕೆಂದು ಕುಳಿತ ನಾವು ಓದತೊಡಗಿದೆವು. ಆ ಮಧ್ಯಾಹ್ನ ಬೊಂಬೆ ಕೂರಿಸುವ ಕೆಲಸವೇ ನಿಂತುಹೋಯಿತು. ಆ ಕಾಗದಗಳ ಕಥೆಯನ್ನು ಈ ಪತ್ರಿಕೆಯ ವಾಚಕರ ಮುಂದಿಡಬೇಕೆಂದು ಆಗಲೇ ನಮಗೆ ತೋರಿತು. ಮನೆಯ ಗುಟ್ಟನ್ನು ಬೀದಿಗೆ ತಂದರೆಂದು ಕೆಲವರು ಅಂದಾರು. ಆದರೆ ನಮಗೆ ದಾರಿ ತೋರಿಸಿದವರೊಬ್ಬರು ಅಂದು ಹಾಗೆಯೇ ಎಣಿಸಿ ಸುಮ್ಮನಿದ್ದಿದ್ದರೆ ನಮ್ಮ ಗತಿ ಏನಾಗುತ್ತಿದ್ದಿತೋ ಬಲ್ಲವರಾರು!

ನಾವು ಮೈಸೂರಿನವರು. ಉದ್ಯೋಗನಿಮಿತ್ತವಾಗಿ 2016ನೆಯ ಇಸವಿಯ ಬೇಸಗೆಯಲ್ಲಿ ಅಮೆರಿಕ ದೇಶದ ನ್ಯೂಜೆರ್ಸಿ ಸಂಸ್ಥಾನಕ್ಕೆ ಬಂದು ಬಿಡಾರ ಹೂಡಿದೆವು. ಆಗ ಮಗನಿಗೆ 4 ವರ್ಷ ತುಂಬುವುದರಲ್ಲಿದ್ದಿತು. ಮಾತು ತಡವಾಗಿದ್ದುದು ನಿಜ. ಊರಿನಲ್ಲಿದ್ದಾಗ ಹಿರಿಯರು, "ಅವನ ತಾತನೂ ಹೀಗೆಯೇ, ಐದು ವರ್ಷದವರೆಗೆ ಬಾಯಿ ಬಿಡಲಿಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಇಲ್ಲಿಗೆ ಬಂದ ಕೆಲವು ತಿಂಗಳಲ್ಲಿ ಮಕ್ಕಳ ವೈದ್ಯರು ಪರೀಕ್ಷಿಸಿ, ಇದು ಸ್ವಲೀನತೆ, ಎಂದರೆ ಆಟಿಸಂ, ಎಂದು ತಿಳಿಸಿದರು. ಆ ದಿನದ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಅಂಥ ದಿನವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳಿದರೆ ತಿಳಿಯುವುದಿಲ್ಲ.

ಈ ದೇಶದಲ್ಲಿ ಇಂಥ ಮಕ್ಕಳಿಗೆ 3 ವರ್ಷ ತುಂಬಿದಂದಿನಿಂದ ಸರಕಾರಿ ಪಾಠಶಾಲೆಯವರೇ, ಹೆತ್ತವರಿಂದ ಕಾಸೂ ಪಡೆಯದೆ, ತಕ್ಕ ವಿದ್ಯಾಭ್ಯಾಸ ಮಾಡಿಸತಕ್ಕದ್ದೆಂದು ಕಾಯಿದೆಯುಂಟು. ಒಂದೊಂದು ಮಗುವಿಗೂ ಅದರ ಹೆಸರಿನಲ್ಲೇ ಒಂದು ಶಿಕ್ಷಣ ಯೋಜನಾಪತ್ರ ಸಿದ್ಧವಾಗಬೇಕು. ಅದನ್ನು ಇಲ್ಲಿ ಐ.ಇ.ಪಿ. ಎನ್ನುತ್ತಾರೆ. ಮಗುವಿಗೆ ಯಾವ ತರಗತಿ, ಎಷ್ಟು ಹೊತ್ತು ಮಾತಿನ ತರಬೇತಿ, ವರ್ಷದ ಕೊನೆಗೆ ಏನೇನು ಕಲಿತಿರಬೇಕು, ಎಲ್ಲವೂ ಅದರಲ್ಲಿ ಬರೆದಿರಬೇಕು. ಅದನ್ನು ಬರೆಯುವ ಸಭೆಯಲ್ಲಿ ತಂದೆತಾಯಿಗಳು ಅತಿಥಿಗಳಲ್ಲ, ಸದಸ್ಯರು. ಇಷ್ಟು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಊರಿನಲ್ಲಿ ನಾಲ್ಕು ಶಿಶುವಿಹಾರದವರು, "ಬೇರೆ ಮಕ್ಕಳಿಗೆ ತೊಂದರೆಯಾಗುತ್ತದೆ" ಎಂದು ಬಾಗಿಲಿನಿಂದಲೇ ಕಳುಹಿಸಿದ್ದ ಮಗುವಿಗೆ ಇಲ್ಲಿ ಹಳದಿಯ ಬಸ್ಸು ಮನೆಯ ಮುಂದೆ ಬಂದು ನಿಂತಿತು. 2017ರ ಸೆಪ್ಟೆಂಬರಿನಲ್ಲಿ ಮಿಕ್ಕ ಮಕ್ಕಳ ಜೊತೆಗೇ ಶಿಶುತರಗತಿಗೆ ಸೇರಿದನು. ವಾರಕ್ಕೆ ಎರಡು ಸಲ ಮಾತಿನ ತರಬೇತಿಯೂ ದೊರೆಯಿತು.

ಅಕ್ಟೋಬರಿನಲ್ಲಿ ಆ ತರಬೇತಿಯ ಉಪಾಧ್ಯಾಯಿನಿಯವರು ನಮ್ಮನ್ನು ಕರೆಸಿ, "ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆಯಾದರೆ ಈ ಮಗುವಿಗೆ ಗೊಂದಲವಾಗುತ್ತದೆ, ಇನ್ನು ಮೇಲೆ ಇಂಗ್ಲಿಷಿನಲ್ಲಿಯೇ ಮಾತನಾಡಿಸಿ" ಎಂದರು. ಅವರ ಮಾತಿನಲ್ಲಿ ಕೇಡೆಣಿಕೆ ಲೇಶವೂ ಇರಲಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಸ್ವಲೀನ ಮಕ್ಕಳ ಮಾತು ಒಂದೇ ಭಾಷೆಯ ಮನೆಯ ಅಂಥ ಮಕ್ಕಳ ಮಾತಿಗಿಂತ ಹಿಂದೆ ಬೀಳುವುದಿಲ್ಲವೆಂದು ಆ ವೇಳೆಗಾಗಲೇ ಹಲವು ಸಂಶೋಧನೆಗಳಲ್ಲಿ ಕಂಡುಬಂದಿದ್ದಿತು. ಆದರೆ ಅದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಗುರುಸ್ಥಾನದಲ್ಲಿರುವವರು ಹೇಳಿದ ಮೇಲೆ ಎದುರಾಡುವುದು ನಮ್ಮ ಮನೆತನದಲ್ಲಿ ಇಲ್ಲ. ಅಂದಿನಿಂದ ಮನೆಯಲ್ಲಿ ಕನ್ನಡ ನಿಂತಿತು.

ನಿಂತಿತೆಂದು ಬರೆಯುವುದು ಸುಲಭ. ಅನ್ನ ಕಲಸಿ ತುತ್ತು ಕೊಡುವಾಗ ಬಾಯಿಗೆ ತಾನಾಗಿ ಬರುವ ಮಾತನ್ನು ನುಂಗಿಕೊಂಡು ಇಂಗ್ಲಿಷಿನಲ್ಲಿ ಹೇಳಬೇಕು. ಜೋಗುಳವಿಲ್ಲ. ಮಗುವಿಗೆ ಕೇಳಿಸೀತೆಂದು ನಾವಿಬ್ಬರೂ ಅಡಿಗೆಯ ಮನೆಯಲ್ಲಿ ಕಳ್ಳರಂತೆ ಪಿಸುಗುಟ್ಟಬೇಕು. ಭಾನುವಾರದ ಬೆಳಿಗ್ಗೆ ಮೈಸೂರಿನಿಂದ ವಿಡಿಯೋ ಫೋನಿನಲ್ಲಿ ಮೊಮ್ಮಗನನ್ನು ನೋಡುತ್ತಿದ್ದ ಅಜ್ಜಿಗೆ ಇಂಗ್ಲಿಷ್ ಬಾರದು. ವಿಷಯ ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಮಗೂನ ಬರೀ ನೋಡ್ತೀನಿ, ಮಾತಾಡೋಲ್ಲ. ಅವನಿಗೆ ಒಳ್ಳೇದಾದ್ರೆ ಸಾಕು" ಎಂದರು. ಐದು ತಿಂಗಳು ಹಾಗೆಯೇ ನೋಡಿದರು. ಮಗು ಫೋನಿನ ಗಾಜಿನ ಮೇಲೆ ಅವರ ಬಾಯಿಯನ್ನು ಬೆರಳಿನಿಂದ ತಟ್ಟುತ್ತಿದ್ದನು.

2018ರ ಫೆಬ್ರವರಿಯಲ್ಲಿ ಪಾಠಶಾಲೆಯವರು ಅವನನ್ನು ಮತ್ತೆ ಪರೀಕ್ಷಿಸಿದರು. ಈ ಸಂಸ್ಥಾನದಲ್ಲಿ ಅದಕ್ಕೆಂದು ಪ್ರತಿ ಪಾಠಶಾಲಾ ಪ್ರಾಂತದಲ್ಲಿಯೂ ಮೂವರ ತಂಡವೊಂದಿರುತ್ತದೆ: ಒಬ್ಬರು ಮನಶ್ಶಾಸ್ತ್ರಜ್ಞರು, ಒಬ್ಬರು ಕಲಿಕೆಯ ತೊಡಕುಗಳನ್ನು ಬಲ್ಲ ಉಪಾಧ್ಯಾಯರು, ಒಬ್ಬರು ಸಮಾಜಕಾರ್ಯಕರ್ತರು. ಮಾರ್ಚ್ 9ರಂದು ಸಭೆ ಕೂಡಿತು. ಉದ್ದವಾದ ಮೇಜಿನ ಆ ಕಡೆ ಏಳು ಮಂದಿ, ಈ ಕಡೆ ನಾವಿಬ್ಬರು. ಹದಿನಾಲ್ಕು ಪುಟದ ವರದಿಯನ್ನು ಹತ್ತು ನಿಮಿಷದಲ್ಲಿ ಓದಿ, ಮಗುವಿಗೆ ಸ್ವಲೀನತೆಯ ಜೊತೆಗೆ ಬೌದ್ಧಿಕ ನ್ಯೂನತೆಯೂ ಇರುವುದೆಂದೂ, ಆದಕಾರಣ ಅವನನ್ನು ಹನ್ನೆರಡು ಮೈಲಿ ದೂರದ ಇನ್ನೊಂದು ಕಟ್ಟಡದಲ್ಲಿ, ಅಂಥ ಮಕ್ಕಳಿಗೆಂದೇ ಇರುವ ಪ್ರತ್ಯೇಕ ತರಗತಿಗೆ ಸೇರಿಸತಕ್ಕದ್ದೆಂದೂ ತೀರ್ಮಾನ ಹೇಳಿದರು. ಅಲ್ಲಿ ಓದುಬರಹಕ್ಕಿಂತ ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು ಮೊದಲಾದುವನ್ನು ಕಲಿಸುತ್ತಾರಂತೆ. ಅವು ಕಲಿಯಬೇಕಾದ ವಿಷಯಗಳಲ್ಲವೆಂದಲ್ಲ. ಮನೆಯಲ್ಲಿ ಅವನು ಅವೆರಡನ್ನೂ ಆಗಲೇ ಮಾಡುತ್ತಿದ್ದನು. ಅದನ್ನು ಹೇಳಿದೆವು. ಒಬ್ಬರು ನಸುನಕ್ಕು ತಲೆದೂಗಿದರು. ಎಲ್ಲ ತಂದೆತಾಯಿಗಳೂ ಹೀಗೆ ಹೇಳುತ್ತಾರೆಂಬಂತಿದ್ದಿತು ಆ ನಗು.

ಕಾಗದವನ್ನೂ ಲೇಖನಿಯನ್ನೂ ನಮ್ಮ ಮುಂದೆ ಸರಿಸಿದರು. ನಿಜ ಹೇಳಬೇಕೆಂದರೆ ರುಜು ಹಾಕುವುದರಲ್ಲಿದ್ದೆವು. ತಡೆದದ್ದು ನಮ್ಮ ಜಾಣ್ಮೆಯಲ್ಲ. ನಮ್ಮ ಹಿರಿಯರೊಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆ ಮಾಡಿದವರು. ಓದದೆ ರುಜು ಹಾಕಿ ಹೊಲಮನೆ ಕಳೆದುಕೊಂಡವರ ಕಥೆಗಳನ್ನು ಊಟಕ್ಕೆ ಕುಳಿತಾಗಲೆಲ್ಲ ಹೇಳಿ ನಮಗೆ ಬೇಸರ ಬರಿಸಿದ್ದರು. ಆ ಬೇಸರ ಅಂದು ಉಪಕಾರಕ್ಕೆ ಬಂದಿತು. "ಮನೆಗೆ ತೆಗೆದುಕೊಂಡು ಹೋಗಿ ಓದಿ ತಿಳಿಸುತ್ತೇವೆ" ಎಂದು ಹೇಳಿ ಎದ್ದೆವು.

ರಾತ್ರಿ ಮಗು ಮಲಗಿದ ಮೇಲೆ ವರದಿಯನ್ನು ಸಾಲುಸಾಲಾಗಿ ಓದಿದೆವು. ಏಳನೆಯ ಪುಟದಲ್ಲಿ ಹೀಗೆ ಬರೆದಿದ್ದಿತು: ಚಿತ್ರಗಳನ್ನು ತೋರಿಸಿ ಹೆಸರು ಕೇಳಿದಾಗ ಮಗು ಬಹುವಾಗಿ ಸುಮ್ಮನಿದ್ದನು, ನಡುನಡುವೆ ಅರ್ಥವಿಲ್ಲದ ಧ್ವನಿಗಳನ್ನು ಮಾಡಿದನು. ಉದಾಹರಣೆಗೆಂದು ಎರಡು ಧ್ವನಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ನಮಗೂ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಟ್ಟಿಯಾಗಿ ಓದಿದೆವು. 'ಆನೇ', 'ಕೋಡೇ'.

ಆನೆ, ಕೊಡೆ!

ವಾಚಕರು ಮನ್ನಿಸಬೇಕು, ಈ ಎರಡು ಮಾತುಗಳನ್ನು ಬರೆಯುವಾಗ ಇಂದಿಗೂ ನಮ್ಮ ಕೈ ಸ್ವಲ್ಪ ನಿಲ್ಲುತ್ತದೆ. ಛತ್ರಿಯ ಚಿತ್ರ ತೋರಿಸಿದರು, ಮಗು ಕೊಡೆಯೆಂದನು. ಆನೆಯ ಚಿತ್ರ ತೋರಿಸಿದರು, ಆನೆಯೆಂದನು. ಸರಿಯಾದ ಉತ್ತರವನ್ನು ತಪ್ಪೆಂದಾಗಲಿ ಬೇರೆ ಭಾಷೆಯೆಂದಾಗಲಿ ಅಲ್ಲ, ಮಾತೇ ಅಲ್ಲವೆಂದು ಬರೆದುಕೊಂಡರು. ಅವರ ಮೇಲೆ ಬಂದ ಸಿಟ್ಟಿಗಿಂತ ನಮ್ಮ ಮೇಲೆ ನಮಗೆ ಬಂದ ನಾಚಿಕೆ ಹೆಚ್ಚು. ಐದು ತಿಂಗಳಿಂದ ನಾವು ಆ ಭಾಷೆಯನ್ನು ಮನೆಯಿಂದ ಹೊರಗಿಟ್ಟಿದ್ದೆವು. ಮಗು ಮಾತ್ರ ಅದನ್ನು ಎಲ್ಲಿಯೋ ಇಟ್ಟುಕೊಂಡು, ಗುರುತಿಲ್ಲದವರ ಕೋಣೆಯಲ್ಲಿ, ಕೇಳಿದವರಿಗೆ ಕೊಟ್ಟಿದ್ದನು.

ಮಾರ್ಚ್ 18ರ ಭಾನುವಾರ ಯುಗಾದಿ. ನಮ್ಮ ಭಾಗದ ಕನ್ನಡಿಗರೆಲ್ಲ ಸೇರಿ ಊಟವಿಟ್ಟುಕೊಂಡಿದ್ದರು. ಹೋಗಲು ಮನಸ್ಸಿರಲಿಲ್ಲ, ಬೇವುಬೆಲ್ಲವನ್ನಾದರೂ ತಿಂದು ಬರೋಣವೆಂದು ಹೋದೆವು. ಅಲ್ಲಿ ಶಿವಮೊಗ್ಗದ ಕಡೆಯ ಒಬ್ಬ ಮಹಿಳೆಯರು, ಇಪ್ಪತ್ತು ವರ್ಷದಿಂದ ಇಲ್ಲಿಯೇ ಇರುವವರು, ಮಗು ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿದ್ದ ರೀತಿಯಿಂದಲೇ ಎಲ್ಲವನ್ನೂ ಊಹಿಸಿ ನಮ್ಮ ಬಳಿಗೆ ಬಂದರು. ಅವರನ್ನು ಎಲ್ಲರೂ ಅಕ್ಕನೆಂದೇ ಕರೆಯುತ್ತಾರೆ. ಅವರ ಮಗಳಿಗೆ ಆಗ 17 ವರ್ಷ. ಕಥೆಯನ್ನೆಲ್ಲ ಕೇಳಿ ಅವರು ಮೊದಲು ಕೇಳಿದ ಪ್ರಶ್ನೆ, "ರುಜು ಹಾಕಿದಿರಾ?" ಎಂಬುದು. ಎರಡನೆಯದು, "ಕಾಗದದ ಮೇಲೆ ತಾರೀಖು ಎಷ್ಟು?"

ತಾರೀಖಿನ ಮಹಿಮೆ ನಮಗೆ ಗೊತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ, ಈಗಾಗಲೇ ಯೋಜನಾಪತ್ರವಿರುವ ಮಗುವಿಗೆ ಹೊಸದೊಂದನ್ನು ಬರೆದು ತಿಳಿವಳಿಕೆ ಕೊಟ್ಟರೆ, ಹೆತ್ತವರು ರುಜು ಹಾಕಲಿ ಬಿಡಲಿ, 15 ದಿನಗಳಾದ ಮೇಲೆ ಅದನ್ನು ಜಾರಿಗೆ ತರಬಹುದು. ಅಷ್ಟರೊಳಗೆ ಮಧ್ಯಸ್ಥಿಕೆಗಾಗಲಿ ವಿಚಾರಣೆಗಾಗಲಿ ಅರ್ಜಿ ಹಾಕಿದರೆ ಮಾತ್ರ ವ್ಯಾಜ್ಯ ತೀರುವವರೆಗೂ ಮಗು ಇದ್ದ ತರಗತಿಯಲ್ಲೇ ಇರುತ್ತದೆ. ರುಜು ಹಾಕದೆ ಬಂದದ್ದೇ ದೊಡ್ಡ ಜಯವೆಂದು ನಾವು ಒಂಬತ್ತು ದಿನ ಸುಮ್ಮನಿದ್ದೆವು. ಇನ್ನು ಆರು ದಿನ ಉಳಿದಿದ್ದವು.

"ಫೋನ್ ಮಾಡ್ಬೇಡಿ, ಹೋಗಿ ಅಳ್ಬೇಡಿ. ಬರೀರಿ. ಬರೆದದ್ದಕ್ಕೆ ಪ್ರತಿ ಇಟ್ಕೊಳ್ಳಿ. ಅವರು ಬಾಯಲ್ಲಿ ಹೇಳಿದ್ದನ್ನೂ, 'ತಾವು ಹೀಗೆ ಹೇಳಿದಿರಷ್ಟೆ?' ಅಂತ ಅವತ್ತೇ ಬರೆದು ಕಳಿಸಿ," ಎಂದು ಅಕ್ಕ ಹೇಳಿದರು. ನಾವು ಸುಮ್ಮನಿರಲಾರದೆ, "ನಮ್ಮ ಮಗ ಅಂಥವನಲ್ಲ ಅಕ್ಕಾ, ಬುದ್ಧಿ ಚೆನ್ನಾಗಿದೆ, ಆ ತರಗತಿಯಲ್ಲಿ ಆ ಮಕ್ಕಳ ಜೊತೆ..." ಎಂದೆವು. ಅವರ ಮುಖ ಬದಲಾಯಿತು. "ನನ್ನ ಮಗಳು ಆ ತರಗತಿಯಲ್ಲೇ ಓದಿದವಳು. ಅವಳಿಗೆ ಅದೇ ಬೇಕಾಗಿತ್ತು, ಜಗಳ ಆಡಿ ಅದನ್ನ ಕೊಡಿಸಿದೆ. ಅಂಥವನು ಇಂಥವನು ಅನ್ನೋ ಮಾತು ಬಿಡಿ. ನಿಮ್ಮ ಮಗುವಿಗೆ ಏನು ಬರುತ್ತೆ ಅಂತ ಸರಿಯಾಗಿ ನೋಡಿಲ್ಲ, ಅಷ್ಟನ್ನೇ ಹೇಳಿ" ಎಂದರು. ಆ ಮಾತಿನ ಬಿಸಿ ನಮಗೆ ಬೇಕಾಗಿದ್ದಿತು. ಅಲ್ಲಿಯವರೆಗೆ ನಾವು ಹೂಡಲಿದ್ದ ಜಗಳ ಮಗುವಿಗಾಗಿಯೋ ನಮ್ಮ ಮಾನಕ್ಕಾಗಿಯೋ ನಮಗೇ ಸ್ಪಷ್ಟವಾಗಿರಲಿಲ್ಲ.

ಅಂದು ರಾತ್ರಿ ಎರಡು ಪತ್ರಗಳನ್ನು ಬರೆದೆವು. ಒಂದು, ಸಂಸ್ಥಾನದ ವಿದ್ಯಾ ಇಲಾಖೆಗೆ, ಮಧ್ಯಸ್ಥಿಕೆ ಬೇಕೆಂದು. ಇನ್ನೊಂದು, ಪಾಠಶಾಲೆಯವರಿಗೆ, ತಮ್ಮ ಪರೀಕ್ಷೆಯನ್ನು ನಾವು ಒಪ್ಪುವುದಿಲ್ಲ, ತಮಗೆ ಸಂಬಂಧಪಡದ ಬೇರೆ ತಜ್ಞರಿಂದ ತಮ್ಮ ಖರ್ಚಿನಲ್ಲಿಯೇ ಮತ್ತೆ ಪರೀಕ್ಷೆ ಮಾಡಿಸತಕ್ಕದ್ದೆಂದು. ಹೀಗೆ ಕೇಳುವ ಹಕ್ಕು ಕಾಯಿದೆಯಲ್ಲಿಯೇ ಇದೆ. ಕೇಳಿದ ಮೇಲೆ ಪಾಠಶಾಲೆಯವರು ಒಪ್ಪಬೇಕು. ಇಲ್ಲವೆ ತಮ್ಮ ಪರೀಕ್ಷೆ ಸರಿಯಾಗಿದ್ದಿತೆಂದು ತಾವೇ ವಿಚಾರಣೆಗೆ ಹೋಗಿ ಸಾಧಿಸಬೇಕು. ನ್ಯೂಜೆರ್ಸಿಯಲ್ಲಿ ಅದಕ್ಕೆ 20 ದಿನಗಳ ಗಡುವು. ಮಗುವನ್ನು ಅದರ ನುಡಿಯಲ್ಲಿ, ನಿಜಾಂಶ ಹೊರಬೀಳುವ ರೀತಿಯಲ್ಲಿ ಪರೀಕ್ಷಿಸಬೇಕೆಂದೂ, ಬರಿಯ ಇಂಗ್ಲಿಷ್ ಸಾಲದೆಂಬ ಕಾರಣದಿಂದ ನ್ಯೂನತೆಯಿದೆಯೆಂದು ತೀರ್ಮಾನಿಸಕೂಡದೆಂದೂ ಅದೇ ಕಾಯಿದೆ ಹೇಳುತ್ತದೆ.

ಈ ಕಾಯಿದೆಯ ಹಿನ್ನೆಲೆಯನ್ನು ಆ ವಾರಗಳಲ್ಲಿ ನಿದ್ದೆಗೆಟ್ಟು ಓದಿದೆವು. ಯಾವ ಪ್ರಭುವೂ ದಯೆತೋರಿ ಕೊಟ್ಟದ್ದಲ್ಲ ಅದು. ಹೆತ್ತವರು ಕಟಕಟೆ ಹತ್ತಿ ಪಡೆದದ್ದು. ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳ ಹೆತ್ತವರ ಸಂಘವೊಂದು 1971ರಲ್ಲಿ ಸರಕಾರದ ಮೇಲೆಯೇ ದಾವೆ ಹೂಡಿ, ಈ ಮಕ್ಕಳಿಗೂ ಪಾಠಶಾಲೆಯ ಬಾಗಿಲು ತೆರೆಯುವಂತೆ ಮಾಡಿತು. 1972ರಲ್ಲಿ ವಾಷಿಂಗ್ಟನ್ ನಗರದ ಮಿಲ್ಸ್ ಮೊಕದ್ದಮೆಯಲ್ಲಿ, ಹಣವಿಲ್ಲವೆಂಬ ನೆವವನ್ನು ಈ ಮಕ್ಕಳ ತಲೆಯ ಮೇಲೆಯೇ ಹೇರಕೂಡದೆಂದು ನ್ಯಾಯಾಧೀಶರು ಹೇಳಿದರು. 1975ರ ನವೆಂಬರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯಾಯಿತು. ಆಗ ಈ ಶ್ರೀಮಂತ ದೇಶದಲ್ಲಿ 10 ಲಕ್ಷ ವಿಕಲಚೇತನ ಮಕ್ಕಳು ಪಾಠಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲವೆಂದು ಕಾಯಿದೆಯಲ್ಲಿಯೇ ಬರೆದಿದೆ. 1990ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಅದರ ಮೊದಲಕ್ಷರಗಳನ್ನು ಕೂಡಿಸಿ 'ಐಡಿಯ' ಎನ್ನುತ್ತಾರೆ.

ಭಾಷೆಯ ವಿಷಯದಲ್ಲಿ ನಮಗೆ ಹೆಚ್ಚು ಧೈರ್ಯ ಕೊಟ್ಟದ್ದು ಕ್ಯಾಲಿಫೋರ್ನಿಯದ ಒಂದು ಮೊಕದ್ದಮೆ. ಅಲ್ಲಿ ಸ್ಪ್ಯಾನಿಷ್ ಮನೆಮಾತಿನ, ಹೊಲಗೆಲಸದವರ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಬುದ್ಧಿ ಸಾಲದವರ ತರಗತಿಗೆ ಹಾಕಿದ್ದರು. ಸ್ಪ್ಯಾನಿಷಿನಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ತಿಳಿದುಬಂದಿತು. 1970ರಲ್ಲಿ ಆ ಮೊಕದ್ದಮೆ ರಾಜಿಯಾಗಿ, ಮಕ್ಕಳನ್ನು ಮನೆಮಾತಿನಲ್ಲಿಯೂ ಪರೀಕ್ಷಿಸುವುದಾಗಿ ಸರಕಾರದವರು ಒಪ್ಪಿದರು. ನಮಗೂ ಅದಕ್ಕೂ ನಡುವೆ 48 ವರ್ಷಗಳು!

ಇತ್ತ ಮನೆಯೊಳಗೆ ಬೇರೆಯೊಂದು ಭಯ. ನಾವಿರುವುದು ಎಚ್-1ಬಿ ವೀಸಾದ ಮೇಲೆ. ಸರಕಾರದವರೊಡನೆ ವ್ಯಾಜ್ಯ ಹೂಡಿದರೆ ಊರಿಗೆ ಅಟ್ಟಿಬಿಟ್ಟಾರೆಂದು ಬಂಧುಮಿತ್ರರು ಹೆದರಿಸಿದರು. "ಪರದೇಶದಲ್ಲಿ ತಗ್ಗಿಬಗ್ಗಿ ಇರಬೇಕು" ಎಂದು ಊರಿನಿಂದ ಫೋನಿನಲ್ಲಿ ಉಪದೇಶ ಬಂದಿತು. ಪಾಠಶಾಲೆಯ ವಿಷಯದಲ್ಲಿ ಮಗುವಿನ ಹಕ್ಕಿಗೂ ಹೆತ್ತವರ ವೀಸಾಕ್ಕೂ ಸಂಬಂಧವಿಲ್ಲವೆಂದು, ರಹದಾರಿಯೇ ಇಲ್ಲದೆ ಬಂದವರ ಮಕ್ಕಳನ್ನೂ ಪಾಠಶಾಲೆಯಿಂದ ಹೊರಗಿಡಕೂಡದೆಂದು 1982ರಲ್ಲಿಯೇ ಇಲ್ಲಿಯ ಸುಪ್ರೀಂ ಕೋರ್ಟು ಹೇಳಿದೆಯೆಂದು, ಅಕ್ಕನಿಂದಲೇ ತಿಳಿಯಿತು. ತಿಳಿದರೂ ಭಯ ಹೋಗಲಿಲ್ಲ. ಅಂಚೆಯ ಪೆಟ್ಟಿಗೆ ತೆರೆಯುವಾಗ ಕೈ ತಣ್ಣಗಾಗುತ್ತಿದ್ದಿತು.

ವಕೀಲರೊಬ್ಬರನ್ನು ಕಂಡೆವು. ಗಂಟೆಗೆ 400 ಡಾಲರು! ಹೆತ್ತವರು ಗೆದ್ದರೆ ವಕೀಲರ ಖರ್ಚನ್ನು ಪಾಠಶಾಲೆಯವರಿಂದ ಕೊಡಿಸಬಹುದೆಂದು 1986ರ ತಿದ್ದುಪಡಿಯಲ್ಲಿದೆ. ಸಾಕ್ಷಿ ಹೇಳುವ ತಜ್ಞರ ಖರ್ಚು ಮಾತ್ರ ಸಿಕ್ಕುವುದಿಲ್ಲವೆಂದು 2006ರಲ್ಲಿ ತೀರ್ಪಾಯಿತು. ಗೆದ್ದ ಮೇಲಿನ ಮಾತು ಅದು, ಮೊದಲು ಕೊಡುವುದೆಲ್ಲಿಂದ? ಇಂಥ ಕಾಯಿದೆ ಯಾರ ಕೈಯಲ್ಲಿ ಹಣವೂ ಬಿಡುವೂ ಇಂಗ್ಲಿಷೂ ಇದೆಯೋ ಅವರಿಗೆ ಹೆಚ್ಚು ಒಲಿಯುತ್ತದೆಂಬುದನ್ನು ಮರೆಮಾಡುವುದು ಸರಿಯಲ್ಲ. ಎರಡು ಪಾಳಿಯಲ್ಲಿ ದುಡಿಯುವ ಹೆತ್ತವರು ಹಗಲು ಹನ್ನೊಂದು ಗಂಟೆಯ ಸಭೆಗೆ ಬರುವುದು ಹೇಗೆ? ನಮ್ಮಲ್ಲಿ ಒಬ್ಬರಿಗೆ ಈ ದೇಶದಲ್ಲಿ ಕೆಲಸ ಮಾಡಲು ಆಗ ಅನುಮತಿಯಿರಲಿಲ್ಲ. ಅದುವರೆಗೆ ನಮ್ಮ ದೊಡ್ಡ ಕೊರಗಾಗಿದ್ದ ಆ ಬಿಡುವೇ ಈ ಕೆಲಸಕ್ಕೆ ಒದಗಿತು.

ಹದಿನೆಂಟನೆಯ ದಿನ ಉತ್ತರ ಬಂದಿತು: ಬೇರೆ ಪರೀಕ್ಷೆಗೆ ಒಪ್ಪಿದ್ದೇವೆ, ಇದರ ಜೊತೆಗಿರುವ ಪಟ್ಟಿಯಿಂದ ತಜ್ಞರನ್ನು ಆರಿಸಿಕೊಳ್ಳಬಹುದು. ಪಟ್ಟಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಮತ್ತೆ ಪತ್ರ, ಮತ್ತೆ ಉತ್ತರ. "ಹಿಂದಿ ಬಲ್ಲವರು ಆಗಬಹುದೆ?" ಎಂದು ಕೇಳಿದರು. ನಮ್ಮ ಮಗುವಿಗೆ ಹಿಂದಿ ಬಾರದೆಂದು ಮೂರು ಪತ್ರ ಬರೆಯಬೇಕಾಯಿತು. ಈ ಭಾಗ ಈಗ ಓದಿದರೆ ನಗು ಬರುತ್ತದೆ. ಕೊನೆಗೆ ನಮ್ಮ ಮೈಸೂರೇ ಕೈಹಿಡಿಯಿತು. ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮುಂದೆ ಎಷ್ಟೋ ಸಲ ಓಡಾಡಿದ್ದರೂ ಒಳಗೆ ಏನು ನಡೆಯುತ್ತದೆಂದು ನಾವು ಕೇಳಿದವರಲ್ಲ. ಅಲ್ಲಿ ಓದಿ, ಇಲ್ಲಿ ಮಾತಿನ ಚಿಕಿತ್ಸೆಯ ಪರವಾನಗಿ ಪಡೆದು, ನಮ್ಮಿಂದ ಎರಡು ಗಂಟೆಯ ಹಾದಿಯಲ್ಲಿದ್ದ ತಜ್ಞೆಯೊಬ್ಬರು ಮನಶ್ಶಾಸ್ತ್ರಜ್ಞರ ಜೊತೆಗೆ ಕುಳಿತು ಪರೀಕ್ಷಿಸಲು ಒಪ್ಪಿದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ಪರೀಕ್ಷೆ. ಮೊದಲ ಅರ್ಧ ಗಂಟೆ ಮಗು ಮೇಜಿನ ಕೆಳಗಿನಿಂದ ಹೊರಗೆ ಬರಲಿಲ್ಲ. ಅವರು ತಾವೂ ನೆಲದ ಮೇಲೆ ಕುಳಿತು, ಅವನ ಕಡೆ ನೋಡದೆಯೇ, ಚಿತ್ರಗಳನ್ನು ಹರಡಿಕೊಂಡು ತಮ್ಮಷ್ಟಕ್ಕೆ ಎಂಬಂತೆ, "ಇದೇನಪ್ಪಾ ಇದು, ನನಗೆ ಗೊತ್ತೇ ಆಗ್ತಿಲ್ಲವಲ್ಲ" ಎಂದರು. ಮೇಜಿನ ಕೆಳಗೆ ಸದ್ದು ನಿಂತಿತು. ಬಾಗಿಲಾಚೆ ಕುಳಿತಿದ್ದ ನಾವು ಉಸಿರು ಬಿಗಿಹಿಡಿದೆವು. ಎಷ್ಟೋ ಹೊತ್ತಾದ ಮೇಲೆ ಸಣ್ಣ ಧ್ವನಿ ಕೇಳಿಸಿತು: "ಕೊಡೆ." ಮತ್ತೆ ಸ್ವಲ್ಪ ಹೊತ್ತಿಗೆ, ಅವರು ಕೇಳದೆಯೇ, "ಮಳೆ."

ಪವಾಡವೇನೂ ನಡೆಯಲಿಲ್ಲ. ಅನೇಕ ಪ್ರಶ್ನೆಗಳಿಗೆ ಕನ್ನಡದಲ್ಲಿಯೂ ಉತ್ತರ ಬರಲಿಲ್ಲ. ಸ್ವಲೀನತೆ ಇರುವುದು ನಿಜವೆಂದೂ, ಮಾತು ವಯಸ್ಸಿಗಿಂತ ಬಹಳ ಹಿಂದೆಯೆಂದೂ ಅವರ ವರದಿಯೂ ಹೇಳಿತು. ಆದರೆ ಮಾತು ಬೇಡದ, ಚಿತ್ರಗಳನ್ನು ಜೋಡಿಸುವ ಪರೀಕ್ಷೆಯಲ್ಲಿ ಅವನು ತನ್ನ ವಯಸ್ಸಿನ ಮಕ್ಕಳ ಸಾಲಿನಲ್ಲೇ ನಿಂತನು. ಬೌದ್ಧಿಕ ನ್ಯೂನತೆಯಿದೆಯೆಂದು ಹೇಳಲು ಆಧಾರವಿಲ್ಲ, ಮನೆಯಲ್ಲಿ ಮನೆಮಾತನ್ನು ನಿಲ್ಲಿಸತಕ್ಕದ್ದಲ್ಲ ಎಂದು ಬರೆದರು. ಆ ವರದಿ ಕೈಗೆ ಬಂದ ದಿನ ಮೈಸೂರಿಗೆ ಫೋನು ಮಾಡಿದೆವು. "ಇನ್ನು ನಾನು ಮಾತಾಡಬಹುದೇನೇ?" ಎಂದು ಅಜ್ಜಿ ಕೇಳಿದರು. ಅಲ್ಲಿ ಆಗ ಮಳೆ ಹಿಡಿದಿದ್ದಿತು. ಹಿತ್ತಲಿಗೆ ಹೋಗಿ ತಮ್ಮ ಹಳೆಯ ಕರಿಯ ಕೊಡೆಯನ್ನು ಬಿಚ್ಚಿ ತೋರಿಸಿದರು. ಮಗು ಅಂದು ಏನನ್ನೂ ಹೇಳಲಿಲ್ಲ. ಅಜ್ಜಿಯೇ ಒಂದು ಗಂಟೆ ಮಾತನಾಡಿದರು.

ವರದಿ ಬರುವವರೆಗೆ ಮಧ್ಯಸ್ಥಿಕೆಯನ್ನು ಮುಂದೆ ಹಾಕಲು ಎರಡು ಕಡೆಯವರೂ ಒಪ್ಪಿದ್ದೆವು. ಬಂದ ಮೇಲೂ ಪಾಠಶಾಲೆಯವರು ಪ್ರತ್ಯೇಕ ತರಗತಿಯ ಪಟ್ಟು ಬಿಡಲಿಲ್ಲ. ವಿಚಾರಣೆಗೇ ಹೋದರೆ ಯಾರು ಸಾಧಿಸಬೇಕು? ದೂರು ಕೊಟ್ಟವರೇ ಸಾಧಿಸಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ನ್ಯೂಜೆರ್ಸಿಯವರು ಮಾತ್ರ 2008ರಲ್ಲಿ ತಮ್ಮದೇ ಕಾಯಿದೆ ಮಾಡಿ ಆ ಹೊರೆಯನ್ನು ಪಾಠಶಾಲೆಯ ಮೇಲೆ ಹಾಕಿದ್ದಾರೆ. ಇನ್ನೊಂದು ಆಯುಧ 2017ರ ಮಾರ್ಚಿನಲ್ಲಿ ಹೊಸದಾಗಿ ದೊರೆತಿದ್ದಿತು. ಕೊಲರಾಡೋ ಸಂಸ್ಥಾನದ ಸ್ವಲೀನ ಬಾಲಕನೊಬ್ಬನ ಹೆತ್ತವರು ಹೂಡಿದ್ದ ಎಂಡ್ರೂ ಎಫ್. ಮೊಕದ್ದಮೆಯಲ್ಲಿ, ಹೆಸರಿಗೆ ಮಾತ್ರ ಒಂದಿಷ್ಟು ಪ್ರಯೋಜನವಾದರೆ ಸಾಲದು, ಆ ಮಗುವಿನ ಸ್ಥಿತಿಗೆ ತಕ್ಕಂತೆ ಪ್ರಗತಿ ಹೊಂದುವ ಯೋಜನೆ ಬೇಕೆಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಹೇಳಿದ್ದರು. ಇವೆರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ವಕೀಲರಿಲ್ಲದೆ, ಅಕ್ಕನನ್ನು ಜೊತೆಗೆ ಕರೆದುಕೊಂಡು 2018ರ ಅಕ್ಟೋಬರಿನಲ್ಲಿ ಮಧ್ಯಸ್ಥರ ಮುಂದೆ ಹೋದೆವು.

ಮಧ್ಯಸ್ಥಿಕೆಯಲ್ಲಿ ಆಡಿದ ಮಾತುಗಳನ್ನು ಹೊರಗೆ ಹೇಳಕೂಡದೆಂದು ನಿಬಂಧನೆ, ಆದ್ದರಿಂದ ಹೇಳುವುದಿಲ್ಲ. ಮರುವಾರದಿಂದ ಮಗುವಿನ ದಿನ ಹೇಗೆ ಬದಲಾಯಿತೆಂಬುದನ್ನು ಹೇಳಬಹುದು. ಅದೇ ಪಾಠಶಾಲೆ, ಅದೇ ಮಕ್ಕಳು. ಪಕ್ಕದಲ್ಲಿ ಕುಳಿತು ನೆರವಾಗುವವರೊಬ್ಬರು ಬಂದರು; ಅವರು ಇನ್ನೊಂದು ಮಗುವನ್ನೂ ನೋಡಿಕೊಳ್ಳಬೇಕಾಗಿದ್ದಿತು. ಮಾತಿನ ತರಬೇತಿ ವಾರಕ್ಕೆ ಮೂರು ಸಲವಾಯಿತು. ಬೇಸಗೆಯ ರಜೆಯಲ್ಲಿಯೂ ಪಾಠ ಬೇಕೆಂದು ನಾವು ಆಸೆಪಟ್ಟಿದ್ದೆವು. ಅದು ಮೊದಲ ವರ್ಷ ದೊರೆಯಲಿಲ್ಲ. ವಿಚಾರಣೆಯವರೆಗೂ ಹೋಗಿದ್ದರೆ ಪೂರ್ತಿ ದೊರೆಯುತ್ತಿದ್ದಿತೆಂದು ನಮ್ಮಲ್ಲಿ ಒಬ್ಬರ ಅಭಿಪ್ರಾಯ. ಅಷ್ಟರಲ್ಲಿ ಇನ್ನೊಂದು ವರ್ಷ ಕಳೆದುಹೋಗುತ್ತಿದ್ದಿತೆಂದು ಇನ್ನೊಬ್ಬರದು. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಪರೀಕ್ಷೆ ಮಾಡಿದ ಆ ಮನಶ್ಶಾಸ್ತ್ರಜ್ಞೆಯ ವಿಷಯ ಒಂದು ಮಾತು ಬರೆಯದಿದ್ದರೆ ಅನ್ಯಾಯವಾದೀತು. ಆ ಚಳಿಗಾಲದಲ್ಲಿ ಒಂದು ದಿನ ಪಾಠಶಾಲೆಯ ಬಾಗಿಲಲ್ಲಿ ಎದುರಾದರು. ಮುಖ ತಿರುಗಿಸಿಕೊಂಡು ಹೋಗಬೇಕೆಂದು ನಮಗೆ ತೋರಿತು. ಅವರೇ ನಿಂತು, ಕೈಯಲ್ಲಿದ್ದ ಚೀಟಿಯೊಂದನ್ನು ತೋರಿಸಿ, 'ಬಾ', 'ಕೂತುಕೊ', 'ನೀರು ಬೇಕೆ' ಎಂಬುದನ್ನು ಹೇಗೆ ಉಚ್ಚರಿಸಬೇಕೆಂದು ಕೇಳಿದರು. 'ಕೂತುಕೊ' ಅವರ ಬಾಯಲ್ಲಿ ಹೊರಳಲೇ ಇಲ್ಲ. ಅಲ್ಲಿಯೇ ನಿಂತು ನಾಲ್ಕು ಸಲ ಹೇಳಿಕೊಟ್ಟೆವು.

ಕಾಗದಗಳನ್ನು ಮತ್ತೆ ಪೆಟ್ಟಿಗೆಗೆ ತುಂಬುವಷ್ಟರಲ್ಲಿ ಸಂಜೆಯಾಗಿದ್ದಿತು. ಹುಡುಗನಿಗೆ ಈಗ ಮೀಸೆ ಚಿಗುರುವ ವಯಸ್ಸು. ಇಂಗ್ಲಿಷಿನಲ್ಲಿ ಓದುತ್ತಾನೆ, ಲೆಕ್ಕ ಚೆನ್ನಾಗಿ ಬರುತ್ತದೆ. ಮಾತು ಇಂದಿಗೂ ಎಣಿಸಿದಷ್ಟೇ, ಎರಡು ಭಾಷೆಯಲ್ಲಿಯೂ. ಬೊಂಬೆಯ ಮೆಟ್ಟಿಲುಗಳಲ್ಲಿ ಆನೆಗಳನ್ನೆಲ್ಲ ಒಂದೇ ಸಾಲಿನಲ್ಲಿ, ಸೊಂಡಿಲು ಬಾಗಿಲಿನ ಕಡೆಗೆ ಮಾಡಿ ಇಡುವುದು ಅವನ ಕಟ್ಟಳೆ. ಯಾರೂ ಅದನ್ನು ಮುಟ್ಟುವಂತಿಲ್ಲ. ಈ ಸಂಸ್ಥಾನದಲ್ಲಿ 14ನೆಯ ವಯಸ್ಸಿನಿಂದ ಯೋಜನಾಪತ್ರದ ಸಭೆಯಲ್ಲಿ ಮುಂದಿನ ಓದು, ಉದ್ಯೋಗಗಳ ಮಾತೂ ಬರಬೇಕು. ಅದಕ್ಕೆ ಹುಡುಗನನ್ನೂ ಕರೆಯಬೇಕು. ಪಾಠಶಾಲೆಯಿಂದ ಈಗ ಬಂದಿರುವ ಪತ್ರದಲ್ಲಿ ಮೊದಲ ಸಲ ಅವನ ಹೆಸರೂ ಇದೆ. ಪತ್ರವನ್ನು ಅವನಿಗೆ ಕೊಟ್ಟೆವು. ಎರಡು ಸಲ ಓದಿ, ತಾರೀಖಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದನು. ಪೆಟ್ಟಿಗೆಯನ್ನು ಇನ್ನೂ ಅಟ್ಟಕ್ಕೆ ಏರಿಸಿಲ್ಲ.